ಕಣ್ಣೀರು ಬಂದಿದ್ದು ಸಿಟ್ಟಿಗೆ

ಪದ್ಮಾ ಟೀವಿ ಮುಂದೆ ಕೂತರೆಂದರೆ ಜಗಳ ಶುರುವಾಯಿತೆಂದೇ ಅರ್ಥ. ದೆಹಲಿಯ ದ್ವಾರಕಾ ಬಡಾವಣೆಯ ಅವರ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಬಿ ಬ್ಲಾಕಿನ ನಾಲ್ಕನೆಯ ಮಹಡಿಯವರಿಗೆಲ್ಲ ಇದು ಗೊತ್ತು. ಸಂಜೆ ಎಂಟಕ್ಕೆ ಸರಿಯಾಗಿ ಬಾಗಿಲಿನಾಚೆಗೂ ಕೇಳುವಂತೆ ಕೂಗು ಏಳುತ್ತಿತ್ತು. “ಎದ್ದು ಹೋಗೇ! ಚೀಲ ಎತ್ಕೊಂಡು ಎದ್ದು ಹೋಗು! ಏನು ಬಾಗಿಲಿಗೆ ಒರಗಿಕೊಂಡು ಅಳ್ತಾ ನಿಂತಿದೀಯ?” ಎದುರು ಮನೆಯ ಪಂಜಾಬಿ ಹೆಂಗಸು ಮೊದಮೊದಲು ಗಾಬರಿಯಿಂದ ಬಂದು, “ಸಬ್ ಠೀಕ್ ಹೈ, ಆಂಟೀಜಿ?” ಎಂದು ವಿಚಾರಿಸುತ್ತಿದ್ದಳು. ಪದ್ಮಾ ಬೈಯುತ್ತಿರುವುದು ಧಾರಾವಾಹಿಯ ನಾಯಕಿಯನ್ನು ಎಂದು ತಿಳಿದ ಮೇಲೆ ಬರುವುದು ಬಿಟ್ಟಳು. ಗಂಡ ಚಂದ್ರಕಾಂತ ಆ ಹೊತ್ತಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಾಲ್ಕನಿಯಲ್ಲಿ ಹಳೆಯ ಕ್ರಿಕೆಟ್ ಪಂದ್ಯ ನೋಡುತ್ತಿದ್ದರು.

ಅರವತ್ತಮೂರು ವರ್ಷದ ಈ ಹೆಂಗಸು ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸ್ಟೆನೋಗ್ರಾಫರ್ ಆಗಿದ್ದವರು. ಹಾಸನದಿಂದ ಬಂದು ಜನಕಪುರಿಯ ಬಾಡಿಗೆ ಕೋಣೆ, ಆರ್.ಕೆ.ಪುರಂನ ಕ್ವಾರ್ಟರ್ಸು ಎಲ್ಲ ದಾಟಿ ದ್ವಾರಕಾದ ಈ ಫ್ಲ್ಯಾಟಿಗೆ ಬಂದು ನೆಲೆಸಿದ್ದರು. ಅಷ್ಟೂ ವರ್ಷ ಅವರ ಕೆಲಸವೆಂದರೆ ಬೇರೆಯವರು ಆಡಿದ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವುದು. ಒಮ್ಮೆ ಮೀಟಿಂಗಿನ ವರದಿಯಲ್ಲಿ ಒಂದು ‘ಅಲ್ಲ’ ಬಿಟ್ಟುಹೋಗಿ ಜಾಯಿಂಟ್ ಸೆಕ್ರೆಟರಿಯವರು ಎಲ್ಲರೆದುರು ನಿಲ್ಲಿಸಿ ಬೈದಿದ್ದರು. ಆ ದಿನ ಮನೆಗೆ ಬಂದು ಅತ್ತಿದ್ದರಂತೆ. ಆಮೇಲೆ ಒಂದು ಪದವೂ ಬಿಟ್ಟಿದ್ದಿಲ್ಲ. ಆ ಮೂವತ್ತಾರು ವರ್ಷದಲ್ಲಿ, ನಿಮಗೇನನ್ನಿಸುತ್ತೆ ಎಂದು ಅವರನ್ನು ಕೇಳಿದವರೂ ಇಲ್ಲ.

ನಿವೃತ್ತಿಯಾದ ಮೇಲೆ ಕೇಳುವವರು ಸಿಕ್ಕಿದರು. ದ್ವಾರಕಾ ಸುತ್ತಮುತ್ತಲ ಕನ್ನಡದ ಹೆಂಗಸರು ಮಾಡಿಕೊಂಡ ಒಂದು ವಾಟ್ಸಾಪ್ ಗುಂಪಿತ್ತು, ನಲವತ್ತು ಚಿಲ್ಲರೆ ಜನ. ಪದ್ಮಾ ಟೈಪು ಮಾಡುತ್ತಿರಲಿಲ್ಲ. ಸರ್ವಿಸಿನಲ್ಲಿ ಮಾಡಿದ ಟೈಪೇ ಸಾಕು ಎಂದು ಧ್ವನಿ ಸಂದೇಶ ಕಳಿಸುತ್ತಿದ್ದರು. “ಭಾನುವಾರ ಆ ಹೊಸ ಪಿಕ್ಚರಿಗೆ ಹೋಗಿದ್ವಿ. ಹೀರೋ ಎರಡೂ ಮುಕ್ಕಾಲು ಗಂಟೆ ಜನರನ್ನ ಕೊಚ್ಚಿದ್ದಾನೆ. ಉಳಿದ ಹತ್ತು ನಿಮಿಷ ಅಮ್ಮಾ ಅಮ್ಮಾ ಅಂತ ಅಳ್ತಾನೆ. ಆ ತಾಯಿಗೆ ಇಡೀ ಪಿಕ್ಚರಲ್ಲಿ ಮೂರು ಮಾತು. ಅದರಲ್ಲಿ ಎರಡು ‘ಊಟ ಮಾಡಿದ್ಯಾ ಮಗಾ’.” ಇನ್ನೊಂದು ದಿನ ಒಂದು ವೆಬ್ ಸರಣಿಯ ಬಗ್ಗೆ, “ಎಂಟು ಭಾಗ, ಎಂಟೂ ಕತ್ತಲೆ. ಯಾರು ಯಾರನ್ನ ಕೊಂದರು ಅಂತ ಬ್ರೈಟ್‌ನೆಸ್ ಏರಿಸಿ ನೋಡಿದ್ರೂ ಗೊತ್ತಾಗ್ಲಿಲ್ಲ” ಎಂದಿದ್ದರು. ಹೆಂಗಸರು ಅಡುಗೆ ಮಾಡುತ್ತ, ಮೆಟ್ರೋದಲ್ಲಿ ನಿಂತು ಅದನ್ನು ಕೇಳಿ ನಗುತ್ತಿದ್ದರು.

ಅಂಥದೇ ಒಂದು ಸಂದೇಶದಿಂದ ಸಂಯುಕ್ತಾ ಅವರ ಮನೆಗೆ ಬಂದದ್ದು.

ಹೋದ ವರ್ಷ ನವೆಂಬರಿನಲ್ಲಿ ಒಂದು ಸಿನಿಮಾ ನೋಡಿ ಬಂದಿದ್ದರು. ನಾಯಕ ನಾಯಕಿಯ ಕೆನ್ನೆಗೆ ಬಿಗಿಯುತ್ತಾನೆ, ಮರುಕ್ಷಣ ಅಪ್ಪಿಕೊಂಡು ಅಳುತ್ತಾನೆ, ಥಿಯೇಟರಿನಲ್ಲಿ ಸೀಟಿ. ಪದ್ಮಾ ಬಂದವರೇ ಚಪ್ಪಲಿ ಕೂಡ ಬಿಡದೆ ಫೋನು ಹಿಡಿದರು. “ಇದು ಪ್ರೀತಿಯಂತೆ! ಕೇಳ್ರೇ ಹುಡುಗೀರಾ, ಒಂದು ಸಲ ಹೊಡೆದವನು ಇನ್ನೊಂದು ಸಲ ಹೊಡೀತಾನೆ. ಅವನು ಅತ್ತ ಅಂತ ನೀವು ಕರಗಬೇಡಿ. ಅವನ ಕಣ್ಣೀರು ಒರೆಸೋದು ನಿಮ್ಮ ಕೆಲಸ ಅಲ್ಲ. ಬಾಗಿಲು ತೆಗೆದು ಆಚೆ ಬನ್ನಿ. ಎಲ್ಲೂ ಜಾಗ ಇಲ್ಲದಿದ್ರೆ ನಮ್ಮನೆಗೆ ಬನ್ನಿ.”

ಎಂದಿನಂತೆ ಚಪ್ಪಾಳೆಯ ಚಿತ್ರಗಳು ಬಂದವು. ನಾಲ್ಕು ದಿನ ಕಳೆದು, ಗುಂಪಿನಲ್ಲಿ ಹೆಚ್ಚು ಮಾತಾಡದ ಒಬ್ಬ ಹುಡುಗಿ ಪದ್ಮಾರಿಗೆ ಮಾತ್ರ ಬರೆದಳು. ‘ಆಂಟಿ, ನಿಜವಾಗ್ಲೂ ಬರಬಹುದಾ?’

ಸಂಯುಕ್ತಾಗೆ ಮೂವತ್ತೆರಡು. ಚಿತ್ರದುರ್ಗದವಳು, ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ. ಗಂಡ ಚರಣ್ ಕೂಡ ಒಳ್ಳೆಯ ಹುದ್ದೆಯಲ್ಲಿದ್ದ. ವಸಂತ್ ಕುಂಜ್‌ನಲ್ಲಿ ಮನೆ. ಆಫೀಸಿನ ಲ್ಯಾಪ್‌ಟಾಪ್ ಚೀಲ, ಒಂದು ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತವಳನ್ನು ಪದ್ಮಾ ಏನನ್ನೂ ಕೇಳಲಿಲ್ಲ. ಹಿಂದಿನ ಕೋಣೆಯ ಮಂಚದ ಮೇಲಿದ್ದ ಇಸ್ತ್ರಿ ಬಟ್ಟೆ ತೆಗೆದು ಹೊಸ ಹೊದಿಕೆ ಹಾಸಿಕೊಟ್ಟರು. ಬಲಗಡೆ ಕೂತು ಮಾತಾಡಿದರೆ ಅವಳು ಮುಖ ತಿರುಗಿಸಿ “ಏನಂದ್ರಿ?” ಎನ್ನುವುದನ್ನು ಗಮನಿಸಿದ್ದು ಎರಡು ವಾರದ ಮೇಲೆ. ಗಂಡನ ಏಟಿಗೆ ಬಲಗಿವಿಯ ತಮಟೆ ಹರಿದಿತ್ತು. ಡಾಕ್ಟರ ಹತ್ತಿರ ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದು ಬರೆಸಿದ್ದಳು.

ಆಮೇಲೆ ವಕೀಲರು, ದ್ವಾರಕಾ ಕೋರ್ಟಿನಲ್ಲಿ ಕೇಸು. ಚಿತ್ರದುರ್ಗದ ಅಪ್ಪ ಅಮ್ಮನಿಗೆ ಅವಳು ಹೇಳಿದ್ದು ಇಷ್ಟೇ: ಹೊಂದಾಣಿಕೆಯಾಗುತ್ತಿಲ್ಲ, ಒಂದೆರಡು ಸಲ ಕೈ ಮಾಡಿದ್ದಾನೆ. ಅಪ್ಪ ನಾರಾಯಣಸ್ವಾಮಿ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಫೋನಿನಲ್ಲಿ ದಿನಾ ಒಂದೇ ಮಾತು: ಇನ್ನೊಂದು ಸಲ ಯೋಚನೆ ಮಾಡಮ್ಮ.

ಏಪ್ರಿಲಿನಲ್ಲಿ ರತ್ನಮ್ಮನ ಮನೆಗೆ ಟೀವಿಯವರು ಬಂದರು. ರತ್ನಮ್ಮ ಅದೇ ಸೊಸೈಟಿಯ ಡಿ ಬ್ಲಾಕಿನವರು, ಪದ್ಮಾರ ಇಪ್ಪತ್ತು ವರ್ಷದ ಗೆಳತಿ. ಅವರ ಯಜಮಾನರು ಗೋಪಿನಾಥ ದ್ವಾರಕಾದ ಕನ್ನಡಿಗರ ಬಳಗಕ್ಕೆ ಕಾರ್ಯದರ್ಶಿ. ಎಂಟು ಗಂಟೆಯ ಧಾರಾವಾಹಿಗೆ ಐನೂರು ಕಂತು ತುಂಬುತ್ತದೆ, ಹೊರನಾಡಿನ ವೀಕ್ಷಕರ ಅಭಿಪ್ರಾಯ ಬೇಕು ಎಂದು ಚಾನೆಲ್‌ನವರು ಕೇಳಿದಾಗ ಗೋಪಿನಾಥ ತಮ್ಮ ಮನೆಯಲ್ಲೇ ಏರ್ಪಾಡು ಮಾಡಿದ್ದರು. ರತ್ನಮ್ಮ ಮೈಸೂರು ರೇಷ್ಮೆ ಉಟ್ಟು, ಬಂದವರಿಗೆಲ್ಲ ಕೇಸರಿಬಾತು ಉಪ್ಪಿಟ್ಟು ಮಾಡಿ ಕಾದಿದ್ದರು. ಮೈಕು ಹಿಡಿದ ಹುಡುಗಿಯ ಹೆಸರು ಅದಿತಿ.

ಪದ್ಮಾರ ಸರದಿ ಬಂದಾಗ ಅದಿತಿ, “ಮೇಡಂ, ಹೋದ ವಾರದ ಆ ಎಮೋಷನಲ್ ಸೀನ್ ಬಗ್ಗೆ ಹೇಳಿ” ಎಂದಳು. ನಾಯಕ ಮನೆಯವರೆಲ್ಲರ ಮುಂದೆ ನಾಯಕಿಯ ಕಪಾಳಕ್ಕೆ ಹೊಡೆದು, ರಾತ್ರಿ ಅವಳ ಮುಡಿಗೆ ಮಲ್ಲಿಗೆ ಮುಡಿಸುವ ದೃಶ್ಯ ಅದು.

ಪದ್ಮಾ ಹನ್ನೊಂದು ನಿಮಿಷ ಮಾತಾಡಿದರು. “ಆ ದೃಶ್ಯ ನೋಡಿ ನಂಗೆ ಕಣ್ಣೀರು ಬಂತು. ಯಾಕೆ ಗೊತ್ತಾ? ಸಿಟ್ಟಿಗೆ ಬಂತು. ಹೊಡೆದ ಕೈಯಲ್ಲೇ ಹೂ ಮುಡಿಸ್ತಾನೆ, ನೀವು ಅದಕ್ಕೆ ಕೊಳಲು ಬಾರಿಸ್ತೀರಿ. ಗಂಡ ಅಂದ್ರೆ ಹೀಗಿರಬೇಕು ಅಂತ ಹುಡುಗರಿಗೆ ಪಾಠ ಹೇಳ್ತಿದೀರಾ?” ಎಂದು ಶುರುಮಾಡಿದವರು ಬಿಸಿಯೇರುತ್ತ ಹೋದರು. ತಮ್ಮ ಮನೆಯಲ್ಲೇ ಒಬ್ಬ ಹುಡುಗಿ ಇದ್ದಾಳೆ, ಅಂಥ ಏಟು ತಿಂದು ಅವಳ ಬಲಗಿವಿ ಹೋಗಿದೆ, ಅದಕ್ಕೆ ಯಾವ ಕೊಳಲೂ ಕೇಳಿಸುವುದಿಲ್ಲ ಎಂದೆಲ್ಲ ಹೇಳಿದರು. ಹೆಸರು ಹೇಳಲಿಲ್ಲ. ಗೋಪಿನಾಥ ಒಂದು ಮೂಲೆಯಲ್ಲಿ ನಿಂತು ಎಲ್ಲವನ್ನೂ ತಮ್ಮ ಫೋನಿನಲ್ಲಿ ತೆಗೆಯುತ್ತಿದ್ದರು. ಅದಿತಿ ಕೊನೆಗೆ, “ವಾವ್ ಮೇಡಂ, ತುಂಬ ಪವರ್‌ಫುಲ್” ಎಂದಳು. ಪದ್ಮಾ ಮನೆಗೆ ಬಂದು ಗಂಡನ ಹತ್ತಿರ, “ಇವತ್ತು ಹೇಳಬೇಕಾದ್ದನ್ನ ಹೇಳಬೇಕಾದವರ ಮುಖಕ್ಕೇ ಹೇಳಿ ಬಂದೆ” ಎಂದು ಹೇಳಿಕೊಂಡರು.

ಮೇ ಮೊದಲ ವಾರ ಪ್ರೋಮೋ ಬಂತು. ಇಪ್ಪತ್ತೈದು ಸೆಕೆಂಡು. ರತ್ನಮ್ಮ ನಗುತ್ತ ಕೈಮುಗಿಯುತ್ತಾರೆ. ನಾಯಕ ಮಲ್ಲಿಗೆ ಮುಡಿಸುತ್ತಾನೆ. ಆಮೇಲೆ ಪದ್ಮಾರ ಮುಖ, ಕಣ್ಣಲ್ಲಿ ನೀರು. “ಆ ದೃಶ್ಯ ನೋಡಿ ನಂಗೆ ಕಣ್ಣೀರು ಬಂತು.” ಕೊಳಲು. “ಗಂಡ ಅಂದ್ರೆ ಹೀಗಿರಬೇಕು!” ಕೆಳಗೆ ಅಕ್ಷರ: ಪದ್ಮಾ, ದೆಹಲಿ.

ಪದ್ಮಾ ಅದನ್ನು ಏಳು ಸಲ ನೋಡಿದರು. ‘ಹೀಗಿರಬೇಕು’ ಆದ ಮೇಲೆ ಒಂದು ‘ಅ’ ಕೇಳಿಸಿ ನಿಲ್ಲುತ್ತಿತ್ತು. ‘ಅಂತ’ ಎಂಬ ಪದವನ್ನು ನಡುವೆ ಕತ್ತರಿಸಿದ್ದರು. ಒಂದು ‘ಅಲ್ಲ’ ಬಿಟ್ಟದ್ದಕ್ಕೆ ಎಲ್ಲರೆದುರು ಬೈಸಿಕೊಂಡ ಹೆಂಗಸಿಗೆ ಮೈಯೆಲ್ಲ ಉರಿಯಿತು.

“ರೀ, ನೋಡಿದ್ರಾ ಇದನ್ನ?”

ಚಂದ್ರಕಾಂತ ನೋಡಿದರು. “ಬಿಡು ಪದ್ಮಾ. ಇಪ್ಪತ್ತೈದು ಸೆಕೆಂಡು. ಜನ ನಾಳೆ ಮರೀತಾರೆ.”

“ಜನ ಮರೀಲಿ. ನಾನು ಮರೀತೀನಾ?”

ಮರೆಯಲು ಬಿಟ್ಟವರಾದರೂ ಯಾರು? ಚರಣ್‌ನ ತಾಯಿ ಆ ಪ್ರೋಮೋವನ್ನು ಅವತ್ತೇ ಚಿತ್ರದುರ್ಗಕ್ಕೆ ಕಳಿಸಿದ್ದರು. ಜೊತೆಗೆ ಒಂದು ಸಾಲು: ‘ನಿಮ್ಮ ಮಗಳಿಗೆ ಸಂಸಾರ ಮುರಿಯೋದು ಹೇಳಿಕೊಟ್ಟ ಮಹಾತಾಯಿ ಇವರೇ. ಟೀವಿಯಲ್ಲಿ ಏನು ಹೇಳ್ತಿದ್ದಾರೆ ನೋಡಿ.’ ಮರುದಿನ ಬೆಳಿಗ್ಗೆ ಅಪ್ಪನ ಫೋನು ಬಂದಾಗ ಸಂಯುಕ್ತಾ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಸ್ಪೀಕರಿನಲ್ಲಿತ್ತು.

“ಆ ಯಮ್ಮನೇ ಹೇಳ್ತಾಳಲ್ಲಮ್ಮ, ಗಂಡ ಅಂದ್ರೆ ಹೀಗಿರಬೇಕು ಅಂತ. ಊರಿಗೊಂದು, ನಿನಗೊಂದು ಹೇಳೋ ಜನದ ಮಾತು ಕೇಳಿ ಮನೆ ಬಿಟ್ಟೆಯಲ್ಲ. ಇಪ್ಪತ್ತೆರಡಕ್ಕೆ ಕೋರ್ಟಿನಲ್ಲಿ ರಾಜಿಗೆ ಕರೆದಿದಾರೆ ಅಂದ್ಯಲ್ಲ, ನಾನೇ ಬರ್ತೀನಿ. ಚರಣ್ ಜೊತೆ ಕೂತು ಮಾತಾಡಿ ಮುಗಿಸೋಣ.”

ಸಂಯುಕ್ತಾ ಫೋನಿಟ್ಟಳು. ಪದ್ಮಾ ಬಾಗಿಲಲ್ಲಿ ನಿಂತಿದ್ದರು.

“ನಾನು ಹಾಗಂದಿಲ್ಲ ಕಣೇ.”

“ಗೊತ್ತು ಆಂಟಿ,” ಎಂದಳು. ಆದರೆ ಚಹಾ ಕುಡಿಯದೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಮೆಟ್ರೋಗೆ ಹೊರಟುಬಿಟ್ಟಳು. ಆ ‘ಗೊತ್ತು’ ಪದ್ಮಾರಿಗೆ ಸಾಲಲಿಲ್ಲ.

ಪದ್ಮಾ ಅವತ್ತೇ ಅದಿತಿಗೆ ಫೋನು ಮಾಡಿದರು. ಅವಳು ಎಡಿಟಿಂಗ್ ನಮ್ಮ ಕೈಲಿಲ್ಲ ಮೇಡಂ ಎಂದಳು. ಎರಡನೆಯ ಸಲ ಎತ್ತಲಿಲ್ಲ. ಕೂತು ಚಾನೆಲ್ಲಿನ ದೂರು ವಿಭಾಗಕ್ಕೆ ಎರಡು ಪುಟದ ಪತ್ರ ಬರೆದರು, ದಿನಾಂಕ, ಸಮಯ, ತಾವು ಆಡಿದ ವಾಕ್ಯ, ಅವರು ತೋರಿಸಿದ ವಾಕ್ಯ ಎಲ್ಲ ಅಚ್ಚುಕಟ್ಟಾಗಿ. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂದು ಒಂದೇ ನಿಮಿಷದಲ್ಲಿ ಉತ್ತರ ಬಂತು. ಓದಿದವರು ಇರಲಿಕ್ಕಿಲ್ಲ. ಬಳಗದ ದೊಡ್ಡ ಗುಂಪಿನಲ್ಲಿ, ಪ್ರೋಮೋ ಕೆಳಗೆ ಅಭಿನಂದನೆಗಳು ಸಾಲುಗಟ್ಟಿದ್ದ ಕಡೆ, “ಆ ಮಾತು ನನ್ನದಲ್ಲ, ನನ್ನ ಮಾತನ್ನ ಕತ್ತರಿಸಿದ್ದಾರೆ” ಎಂದು ಧ್ವನಿ ಸಂದೇಶ ಹಾಕಿದರು. ಐದು ನಿಮಿಷದಲ್ಲಿ ಅದು ಮಾಯವಾಗಿತ್ತು. ಅಳಿಸಿದವರು ಗುಂಪಿನ ಅಡ್ಮಿನ್ ಗೋಪಿನಾಥ.

ಪದ್ಮಾ ಡಿ ಬ್ಲಾಕಿಗೆ ನಡೆದರು. ಮಧ್ಯಾಹ್ನ ಎರಡು ಗಂಟೆ, ಮೇ ತಿಂಗಳ ಬಿಸಿಲು. ಗೇಟಿನ ಗಾರ್ಡ್ ಕೂಡ ಒಳಗೆ ಸೇರಿಕೊಂಡಿದ್ದ.

ಬಾಗಿಲು ತೆಗೆದ ರತ್ನಮ್ಮ, “ಬಾರೆ, ಸ್ಟಾರು!” ಎಂದು ನಕ್ಕರು. ಪದ್ಮಾ ನಗಲಿಲ್ಲ.

“ಗೋಪಿನಾಥ್ ಅವ್ರೇ, ನನ್ನ ಮೆಸೇಜ್ ಯಾಕೆ ಅಳಿಸಿದ್ರಿ?”

ಸೋಫಾದಲ್ಲಿದ್ದ ಗೋಪಿನಾಥ ಕನ್ನಡಕ ತೆಗೆದು ಒರೆಸಿಕೊಂಡರು. “ಅಲ್ಲಿ ಇನ್ನೂರು ಜನ ಇದಾರಮ್ಮ. ಚಾನೆಲ್‌ನವರೂ ಇದಾರೆ. ನವೆಂಬರಲ್ಲಿ ರಾಜ್ಯೋತ್ಸವಕ್ಕೆ ಕಲಾವಿದರನ್ನ ಕಳಿಸ್ತೀವಿ ಅಂದಿದಾರೆ. ಒಂದು ಸೀರಿಯಲ್ ವಿಷಯಕ್ಕೆ ಗಲಾಟೆ ಯಾಕೆ?”

“ನನ್ನ ಬಾಯಿಗೆ ನಾನಾಡದ ಮಾತು ತುರುಕಿದಾರೆ. ಅದು ನಿಮಗೆ ಸೀರಿಯಲ್ ವಿಷಯವಾ? ಅವತ್ತು ನೀವು ಪೂರ್ತಿ ವಿಡಿಯೋ ತೆಗೆದ್ರಿ. ಅದನ್ನ ಕೊಡಿ.”

ಗೋಪಿನಾಥ ಹೆಂಡತಿಯ ಮುಖ ನೋಡಿದರು. ರತ್ನಮ್ಮನ ನಗು ಆರಿತ್ತು.

“ಕೊಟ್ರೆ ಏನು ಮಾಡ್ತೀಯ? ಎಲ್ಲ ಕಡೆ ಹಾಕ್ತೀಯ. ಆಮೇಲೆ ಇವರಿಗೆ ಬಳಗದಲ್ಲಿ ತಲೆಯೆತ್ತೋಕಾಗುತ್ತಾ?” ಎಂದರು ರತ್ನಮ್ಮ. “ನಲವತ್ತು ವರ್ಷದಿಂದ ಈ ದಿಲ್ಲೀಲಿ ಚಪಾತಿ ಲಟ್ಟಿಸಿಕೊಂಡು ಕೂತಿದೀನಿ. ಒಂದು ಸಲ, ಒಂದೇ ಒಂದು ಸಲ ನನ್ನ ಮುಖ ಟೀವೀಲಿ ಬಂತು. ನಮ್ಮಕ್ಕ ಶಿವಮೊಗ್ಗದಿಂದ ಫೋನು ಮಾಡಿ ಅತ್ತಳು ಕಣೆ. ಅದನ್ನೂ ನೀನು ಹಾಳು ಮಾಡಬೇಕಾ? ನಿನಗೆ ಯಾವುದು ತಾನೆ ಸರಿಬಂದಿದೆ? ಯಾವ ಪಿಕ್ಚರ್ ನೋಡಿದ್ರೂ ಬೈಗುಳ, ಯಾವ ಸೀರಿಯಲ್ ನೋಡಿದ್ರೂ ಬೈಗುಳ.”

“ನಿನ್ನ ಮುಖದ ಪಕ್ಕ ನನ್ನ ಮುಖಾನೂ ಇದೆ ರತ್ನಾ. ಅದನ್ನ ತೋರಿಸಿ ಒಬ್ಬಳು ಹುಡುಗೀನ ಹೊಡೆಯೋನ ಮನೆಗೆ ವಾಪಸ್ ಕಳಿಸ್ತಿದಾರೆ. ಅವರಪ್ಪ ರಾಜಿ ಮಾಡಿಸೋಕೆ ಬರ್ತಾ ಇದಾರೆ. ಅವಳು ವಾಪಸ್ ಹೋಗಿ ಇನ್ನೊಂದು ಕಿವಿನೂ ಹೋದ್ರೆ ಯಾರು ಹೊಣೆ? ನಾನಾ, ನೀನಾ, ನಿನ್ನ ರಾಜ್ಯೋತ್ಸವಾನಾ?”

ರತ್ನಮ್ಮ ಎದ್ದು ಗಂಡನ ಕೈಯಿಂದ ಫೋನು ಕಿತ್ತುಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಬಹಳ ಹೊತ್ತು ಬೆರಳಾಡಿಸಿದರು. ಪದ್ಮಾರ ಫೋನು ಟಿಂಗ್ ಎಂದಿತು.

“ಬಂತಾ?”

“ಬಂತು.”

“ಸರಿ. ಇನ್ನು ಮೇಲೆ ಈ ಮನೆಗೆ ಬರಬೇಡ.”

ಪದ್ಮಾ ಹೊರಗೆ ಬಂದರು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದರು. ಇಪ್ಪತ್ತು ವರ್ಷ ಒಟ್ಟಿಗೆ ತರಕಾರಿ ಕೊಂಡ, ಒಬ್ಬರ ಮಕ್ಕಳ ಮದುವೆಗೆ ಒಬ್ಬರು ಓಡಾಡಿದ ಗೆಳತಿ. ಅದಕ್ಕೂ ಅಳು ಬರಲಿಲ್ಲ, ಸಿಟ್ಟೇ ಬಂತು.

ಸಂಯುಕ್ತಾ ಆಫೀಸಿನಿಂದ ಬರುವಷ್ಟರಲ್ಲಿ ವಿಡಿಯೋ ಎಲ್ಲೆಲ್ಲಿ ಹಾಕಬೇಕೆಂದು ಪದ್ಮಾ ಪಟ್ಟಿ ಮಾಡಿ ಇಟ್ಟಿದ್ದರು. “ನೋಡು, ಇವತ್ತು ಎಲ್ಲರ ಬಾಯಿ ಮುಚ್ಚಿಸ್ತೀನಿ” ಎಂದು ಫೋನನ್ನು ಅವಳ ಕೈಗೆ ಕೊಟ್ಟರು.

ಸಂಯುಕ್ತಾ ನಿಂತೇ ನೋಡಿದಳು. ಮೊದಲ ಎರಡು ನಿಮಿಷ ತುಟಿಯಲ್ಲಿ ಸಣ್ಣ ನಗುವಿತ್ತು. ಆಮೇಲೆ ‘ನಮ್ಮ ಮನೇಲೇ ಒಬ್ಬಳು ಹುಡುಗಿ ಇದಾಳೆ’ ಬಂತು. ಅವಳು ಎಡಗಿವಿಯ ಹತ್ತಿರ ಫೋನು ಹಿಡಿದು ಕೊನೆಯವರೆಗೂ ಕೇಳಿದಳು.

“ಆಂಟಿ, ನನ್ನ ಕಿವಿ ವಿಷಯ ಕ್ಯಾಮೆರಾ ಮುಂದೆ ಹೇಳೋಕೆ ನಿಮಗೆ ಯಾರು ಹೇಳಿದ್ರು?”

“ಹೆಸರು ಹೇಳಿಲ್ಲವಲ್ಲೇ.”

“ನಿಮ್ಮ ಮನೇಲಿ ಎಷ್ಟು ಜನ ಹುಡುಗೀರು ಇದೀವಿ? ಅವತ್ತು ಆ ರೂಮಲ್ಲಿ ಎಷ್ಟು ಜನ ಇದ್ರು? ನಾನು ನಮ್ಮಮ್ಮನಿಗೆ ಹೇಳಿಲ್ಲ. ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ, ಮೀಟಿಂಗಲ್ಲಿ ಯಾವಾಗಲೂ ಬಲಗಡೆ ಮೂಲೇಲಿ ಕೂರ್ತೀನಿ. ನಿಮಗೊಬ್ಬರಿಗೆ ಹೇಳಿದ್ದೆ. ನೀವು ಅದನ್ನ ಸೀರಿಯಲ್‌ಗೆ ಬೈಯೋಕೆ ತಗೊಂಡ್ರಿ.” ಅವಳ ಸಿಟ್ಟು ಪದ್ಮಾರ ಸಿಟ್ಟಿನಂತೆ ಕೂಗುವಂಥದಾಗಿರಲಿಲ್ಲ. ದನಿ ತಗ್ಗುತ್ತ ಹೋಗುತ್ತಿತ್ತು. “ಅವರು ಕತ್ತರಿಸಿದ್ದೇ ಒಳ್ಳೇದಾಯ್ತು. ಇದು ಎಲ್ಲೂ ಹೋಗಬಾರದು.”

ಬಾಲ್ಕನಿಯಿಂದ ಬಂದಿದ್ದ ಚಂದ್ರಕಾಂತ, “ಆ ಭಾಗ ತೆಗೆದು ಉಳಿದದ್ದನ್ನ ಹಾಕಬಹುದಲ್ಲ?” ಎಂದರು. ಹನ್ನೊಂದು ನಿಮಿಷದಲ್ಲಿ ಏಳು ನಿಮಿಷ ಅದೇ ಇತ್ತು. ಮಾತಿಗೊಮ್ಮೆ ಆ ಹುಡುಗಿ, ಆ ಕಿವಿ. ಅಷ್ಟು ತೆಗೆದರೆ ಉಳಿಯುವುದು ವಯಸ್ಸಾದವಳೊಬ್ಬಳ ರೇಗಾಟ ಮಾತ್ರ. ಕೇಸು ಮುಗಿಯುವ ತನಕ ಇಂಟರ್‌ನೆಟ್ಟಿನಲ್ಲಿ ಏನೂ ಬರಕೂಡದೆಂದು ವಕೀಲರೂ ಹೇಳಿದ್ದರು.

ಸಂಯುಕ್ತಾ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪದ್ಮಾ ಊಟದ ಮೇಜಿನ ಮುಂದೆ ಕೂತರು. ಚಾನೆಲ್ಲಿನ ಮೇಲೆ, ಗೋಪಿನಾಥರ ಮೇಲೆ, ಚರಣ್‌ನ ತಾಯಿಯ ಮೇಲೆ ಎರಡು ದಿನದಿಂದ ಹರಿಯುತ್ತಿದ್ದ ಸಿಟ್ಟೆಲ್ಲ ಈಗ ತಮ್ಮ ಕಡೆಗೇ ತಿರುಗಿ ನಿಂತಿತ್ತು. ಅಂದು ಎಂಟಕ್ಕೆ ಅವರ ಮನೆಯಲ್ಲಿ ಟೀವಿ ಹಾಕಲಿಲ್ಲ. ಬೆಳಿಗ್ಗೆ ಸಂಯುಕ್ತಾ ಹೊರಡುವಾಗ ಡಬ್ಬಿ ಕೈಗಿಡುತ್ತ, “ತಪ್ಪಾಯ್ತು ಕಣೇ. ಕೇಳಬೇಕಿತ್ತು ನಿನ್ನ” ಎಂದರು. ಸಂಯುಕ್ತಾ ಡಬ್ಬಿ ತೆಗೆದುಕೊಂಡಳು. ಮೂರು ದಿನ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ನಾಲ್ಕನೆಯ ದಿನ ಅವಳೇ ಬಂದು ಹೇಳಿದಳು. “ಅಪ್ಪ ಇಪ್ಪತ್ತಕ್ಕೆ ಬರ್ತಾರೆ. ಅವರೊಬ್ಬರಿಗೆ ತೋರಿಸಿ ಆಂಟಿ. ನನಗೆ ಹೇಳೋಕೆ ಬರಲ್ಲ. ನಾನು ಆ ಹೊತ್ತಿಗೆ ಮನೇಲಿರಲ್ಲ.”

ನಾರಾಯಣಸ್ವಾಮಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದರು. ಎತ್ತರದ ಮನುಷ್ಯ, ಕೈಯಲ್ಲಿ ಒಂದು ಬಟ್ಟೆಯ ಚೀಲ, ಚಕ್ಕುಲಿಯ ಡಬ್ಬ. ಚಂದ್ರಕಾಂತ ಸ್ಟೇಷನ್ನಿನಿಂದ ಕರೆತಂದಿದ್ದರು. ನಾರಾಯಣಸ್ವಾಮಿ ಸ್ನಾನ, ತಿಂಡಿ ಮುಗಿಸಿ ಕೈ ತೊಳೆದು ಬಂದು ಶುರುಮಾಡಿದರು.

“ನಿಮ್ಮ ಮನೆ ಅನ್ನ ಉಂಡು ಹೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ಟೀವೀಲಿ ಒಂದು ಹೇಳ್ತೀರಿ, ನನ್ನ ಮಗಳಿಗೆ ಒಂದು ಹೇಳ್ತೀರಿ. ನಿಮ್ಮ ಮಗಳಾಗಿದ್ರೆ ಹೀಗೆ ಬುದ್ಧಿ ಹೇಳ್ತಿದ್ರಾ?”

ಬಾಯಿ ತೆರೆದರೆ ಏನು ಬರುತ್ತದೋ ಎಂದು ಪದ್ಮಾರಿಗೇ ಭಯವಿತ್ತು. ಫೋನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ವಿಡಿಯೋ ಹಾಕಿ, ತಾವು ಗೋಡೆಗೆ ಒರಗಿ ನಿಂತರು.

ನಾರಾಯಣಸ್ವಾಮಿ ಮೊದಲು ಕೈಕಟ್ಟಿಕೊಂಡು ನೋಡಿದರು. ಕತ್ತರಿಸಿದ ಮಾತು ಪೂರ್ತಿಯಾಗಿ ಬಂದಾಗ ಹುಬ್ಬು ಗಂಟಿಕ್ಕಿತು. ಕಿವಿಯ ವಿಷಯ ಬಂದಾಗ ಮುಂದಕ್ಕೆ ಬಾಗಿದರು. ಮುಗಿದ ಮೇಲೂ ಆ ಕಪ್ಪು ಪರದೆಯನ್ನೇ ನೋಡುತ್ತ ಕೂತರು.

“ಬಲಗಿವಿಯಾ?”

“ಹೂಂ.”

“ಪೂರ್ತಿ ಕೇಳಲ್ವಾ?”

“ಆಪರೇಷನ್ ಮಾಡಿದ್ರೆ ಸ್ವಲ್ಪ ಬರಬಹುದು ಅಂದಿದಾರೆ.”

“ಹೋದ ದೀಪಾವಳಿಗೆ ಬಂದಿದ್ದಳು,” ಎಂದರು ನಾರಾಯಣಸ್ವಾಮಿ. “ಪಕ್ಕದಲ್ಲೇ ನಿಂತು ಕರೆದೆ, ತಿರುಗಲಿಲ್ಲ. ಸಂಬಳ ಬಂದ ಮೇಲೆ ಅಪ್ಪನ ಮಾತು ಕೇಳಿಸಲ್ಲ ಅಂತ ಎಲ್ಲರ ಮುಂದೆ ಹಂಗಿಸಿದೆ. ಅವಳೂ ನಕ್ಕಳು.” ಥಟ್ಟನೆ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. “ಟೀವಿಯವರಿಗೆ ಹೇಳೋಕಾಗುತ್ತೆ ನಿಮಗೆ! ಹೆತ್ತ ಅಪ್ಪನಿಗೆ ಒಂದು ಫೋನು ಮಾಡೋಕಾಗಲ್ವಾ? ಐದಾರು ತಿಂಗಳು! ನಾನು ದಿನಾ ಅವಳಿಗೆ ವಾಪಸ್ ಹೋಗು ಹೋಗು ಅಂತಿದ್ದೆನಲ್ಲ!”

“ಅವಳು ಒಂದೆರಡು ಸಲ ಹೊಡೆದ ಅಂದಿದ್ದಳಲ್ಲ ನಿಮಗೆ. ಅಷ್ಟು ಸಾಕಾಗ್ಲಿಲ್ವಾ? ಕಿವಿ ಹೋದ ಮೇಲೇ ನಿಮಗೆ ಕೇಳಿಸಬೇಕಿತ್ತಾ?”

ಪದ್ಮಾರ ಕೂಗಿಗೆ ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ನಾರಾಯಣಸ್ವಾಮಿ ಬಗ್ಗಿ, ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ ಬಾಲ್ಕನಿಗೆ ಹೋದರು. ಅಲ್ಲಿ ಚಂದ್ರಕಾಂತ ಇಯರ್‌ಫೋನ್ ತೆಗೆದು ಅವರಿಗೆ ಜಾಗ ಬಿಟ್ಟರು.

ಇಪ್ಪತ್ತೆರಡರಂದು ರಾಜಿ ಮಾತುಕತೆಗೆ ಸಂಯುಕ್ತಾ, ಅಪ್ಪ ಇಬ್ಬರೇ ಹೋದರು. ಪದ್ಮಾ ಕೋರ್ಟಿನ ಎದುರಿಗೆ ಬೇವಿನ ಮರದ ಕೆಳಗೆ, ನಿಂಬೆ ಶರಬತ್ತಿನ ಭಯ್ಯಾನ ಗಾಡಿಯ ಪಕ್ಕ ಎರಡು ಗಂಟೆ ನಿಂತಿದ್ದರು. ಒಳಗೆ ನಡೆದದ್ದನ್ನು ಸಂಯುಕ್ತಾ ಆಮೇಲೆ ಹೇಳಿದಳು. ಚರಣ್‌ನ ಕಡೆಯವರು ಮಗಳಿಗೆ ನೀವಾದರೂ ಬುದ್ಧಿ ಹೇಳಿ ಎಂದರಂತೆ. ಅಪ್ಪ ಬೆಂಚಿನಿಂದ ಎದ್ದು ಬಂದು, “ಅವಳು ಬರಲ್ಲ. ಡಾಕ್ಟರ ಕಾಗದ ಹೊಸದಾಗಿ ಮಾಡಿಸ್ತೀವಿ, ಈ ಸಲ ಬಾತ್‌ರೂಮ್ ಅಂತ ಬರೆಸಲ್ಲ” ಎಂದಷ್ಟೇ ಹೇಳಿ ಮಗಳ ಎಡಗಡೆಗೆ ಬಂದು ನಿಂತರಂತೆ. ರಾಜಿ ಆಗಲಿಲ್ಲ. ಕೇಸು ಮುಂದುವರಿಯಿತು.

ಪ್ರೋಮೋ ಇನ್ನೂ ಮೂರು ವಾರ ಓಡಿತು. ಮದರ್ ಡೈರಿಯ ಹಾಲಿನ ಬೂತಿನ ಹತ್ತಿರ, ಪಾರ್ಕಿನಲ್ಲಿ, ಗುರುತಿನ ಹೆಂಗಸರು “ಚೆನ್ನಾಗಿ ಹೇಳಿದ್ರಿ ಪದ್ಮಾ ಅವ್ರೇ” ಎನ್ನುತ್ತಿದ್ದರು. ಅಂಥವರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ, ತಾವು ನಿಜಕ್ಕೂ ಆಡಿದ ಮೊದಲ ಐದು ವಾಕ್ಯ ಹೇಳಿ, ಅಲ್ಲಿಗೆ ನಿಲ್ಲಿಸುತ್ತಿದ್ದರು. ಕೆಲವರು ಅಯ್ಯೋ ಎಂದರು. ಕೆಲವರಿಗೆ ಹಾಲಿಗೆ ಹೊತ್ತಾಗುತ್ತಿತ್ತು. ರತ್ನಮ್ಮ ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು.

ಕಿವಿಯ ಡಾಕ್ಟರ ತಾರೀಕಿಗಾಗಿ ನಾರಾಯಣಸ್ವಾಮಿ ಇನ್ನೊಂದು ವಾರ ಉಳಿದರು. ಭಾನುವಾರ ಮಧ್ಯಾಹ್ನ ನಾಲ್ವರೂ ಊಟ ಮುಗಿಸಿ ಕೂತಿದ್ದಾಗ ಟೀವಿಯಲ್ಲಿ ಹೋದ ವರ್ಷದ ಒಂದು ಸಿನಿಮಾ ಬರುತ್ತಿತ್ತು. ನಾಯಕ ಬೈಕಿನಲ್ಲಿ ಹುಡುಗಿಯ ಬಸ್ಸನ್ನು ಹಿಂಬಾಲಿಸಿ, ಅಡ್ಡ ನಿಲ್ಲಿಸಿ, ಹಾಡುತ್ತಾನೆ. ನಾರಾಯಣಸ್ವಾಮಿಗೆ ನಗು ಬಂತು.

“ನಗ್ತೀರಾ?” ಎಂದರು ಪದ್ಮಾ. “ಅವಳು ಬೇಡ ಅಂತ ಮೂರು ಸಲ ಹೇಳಿದಾಳೆ. ಮೂರು ಸಲ!”

“ಅಯ್ಯೋ, ನಾನು ನಕ್ಕಿದ್ದು ಅದಕ್ಕಲ್ಲ ಪದ್ಮಾ ಅವ್ರೇ. ರೂಟ್ ಬಸ್ಸನ್ನ ನಡುರಸ್ತೇಲಿ ನಿಲ್ಲಿಸಿ ಡ್ರೈವರು ಹಾಡು ಕೇಳ್ತಾ ಕೂತಿದಾನಲ್ಲ, ಅದಕ್ಕೆ. ನಮ್ಮ ಡಿಪೋದಲ್ಲಾಗಿದ್ರೆ ಅವತ್ತೇ ಮೆಮೊ ಕೊಡ್ತಿದ್ದೆ.”

“ಡ್ರೈವರಿಗೆ ಮೆಮೊ ಕೊಡ್ತೀರಿ. ಆ ಬೈಕಿನೋನಿಗೆ?”

ನಾರಾಯಣಸ್ವಾಮಿ ತಲೆ ಕೆರೆದುಕೊಂಡರು. “ಅವನು ನಮ್ಮ ಡಿಪಾರ್ಟ್‌ಮೆಂಟಲ್ಲ.”

“ಎಲ್ಲ ಗಂಡಸರೂ ಹೀಗೇ ಹೇಳೋದು, ನಮ್ಮ ಡಿಪಾರ್ಟ್‌ಮೆಂಟಲ್ಲ ಅಂತ!” ಎಂದು ಪದ್ಮಾ ಎದ್ದು ನಿಂತರು. ಚಂದ್ರಕಾಂತ ಇಯರ್‌ಫೋನ್ ಹುಡುಕತೊಡಗಿದರು. ಸಂಯುಕ್ತಾ ಮೆಲ್ಲಗೆ ರಿಮೋಟ್ ಎತ್ತಿಕೊಂಡು, ಬದಲಾಯಿಸಲಾ ಎಂದು ಕೇಳಿದಳು.

“ಬೇಡ, ಇರಲಿ,” ಎಂದರು ಪದ್ಮಾ, ನಾರಾಯಣಸ್ವಾಮಿ ಇಬ್ಬರೂ ಒಟ್ಟಿಗೆ.